ನೀಲವ್ವ ಹಾಕಿದ ಚಿಲಕ

ಗದಗ, ಹೊಸ ಪಂಚಾಂಗದ ಹದಿಮೂರನೆಯ ತಿಂಗಳ ನಾಲ್ಕನೇ ದಿನ, ೨೧೭೮

ಇನ್ನೂ ಹುಟ್ಟದ ನನ್ನ ಮರಿಮಗಳೇ,

ನನ್ನ ಮಾತು ನಿನಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ‘ಗಂಡನ ಮನೆ’ ಎಂಬ ಪದ ನಿನ್ನ ಕಾಲಕ್ಕೆ ಉಳಿದಿರಲಾರದು. ಮದುವೆಯಾದ ಹೆಣ್ಣು ತನ್ನವರನ್ನು ಬಿಟ್ಟು ಹೋಗಿ ಸೇರುತ್ತಿದ್ದ ಮನೆ ಅದು. ಅಲ್ಲಿ ಏಟು ತಿಂದರೂ ಹೊಂದಿಕೊಂಡು ಹೋಗು ಎನ್ನುತ್ತಿದ್ದರು. ಈಗ ನಮ್ಮ ಪ್ರತಿ ಓಣಿಗೂ ‘ನೆರೆದನಿ’ ಇದೆ. ಒಂದು ಮನೆಯಲ್ಲಿ ಯಾರಾದರೂ ಹೆದರಿ ಕೂಗಿದರೆ ಅಕ್ಕಪಕ್ಕದ ಮನೆಗಳ ಗೋಡೆಗಳು ಮೊಳಗುತ್ತವೆ. ರೊಟ್ಟಿ ತಟ್ಟುತ್ತಿದ್ದವರು ಹಿಟ್ಟಿನ ಕೈಯಲ್ಲೇ ಓಡುತ್ತಾರೆ. ಮೊನ್ನೆ ನಾನೂ ಓಡಿದೆ. ಪಕ್ಕದ ಮನೆಯ ಹುಡುಗಿ ಹಲ್ಲಿ ಕಂಡು ಕಿರುಚಿದ್ದಳು. ನಗುತ್ತ ಮರಳುವಾಗ ಕಸ್ತೂರಿ ನೆನಪಾದಳು.

ಕಸ್ತೂರಿ ನನ್ನ ಅಜ್ಜಿಯ ಅಜ್ಜಿ. ಅವಳ ಕೂಗು ಓಣಿಗೆಲ್ಲ ಕೇಳುತ್ತಿತ್ತು, ಯಾರೂ ಬರುತ್ತಿರಲಿಲ್ಲ. ಗಂಡ ಚನ್ನವೀರ ಹೊಡೆಯುವಾಗ ಅತ್ತೆ ನೀಲವ್ವ ದೇವರ ಮುಂದೆ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು. ಒಂದು ದಿನ ಅವನು ಪುಟ್ಟ ಮಗಳ ಕೈ ತಿರುಚಿದ. ಕಸ್ತೂರಿ ಮಗುವನ್ನು ಎತ್ತಿಕೊಂಡು ನೇರವಾಗಿ ರಕ್ಷಣಾಧಿಕಾರಿಯ ಬಳಿ ಹೋದಳು. ಇಂಥ ಹೆಂಗಸರ ಅರ್ಜಿಯನ್ನು ನ್ಯಾಯಾಲಯಕ್ಕೆ ಮುಟ್ಟಿಸಲೆಂದೇ ಸರ್ಕಾರ ಇಟ್ಟಿದ್ದ ಅಧಿಕಾರಿ ಆಕೆ.

ಆಶ್ರಯ ಮನೆಗೆ ಕಳಿಸಲೇ ಎಂದು ನ್ಯಾಯಾಧೀಶೆ ಕೇಳಿದರಂತೆ.

“ಬ್ಯಾಡ್ರಿ ಮೇಡಂ. ಹೊಡದಾಂವ ಮನ್ಯಾಗ ಇರೋದು, ಹೊಡಸ್ಕೊಂಡಾಕಿ ಹೊರಗ ಹೋಗೋದು, ಇದ್ಯಾವ ನ್ಯಾಯಾರಿ?”

ಆದೇಶ ಬಂತು. ಚನ್ನವೀರ ಮನೆ ಬಿಡಬೇಕು, ಹೆಂಡತಿ ಮಗಳ ಹತ್ತಿರ ಸುಳಿಯಬಾರದು. ಸುಳಿದರೆ ಜೈಲು.

ಅವನು ಸುಳಿದ. ಒಂದು ಮಧ್ಯಾಹ್ನ ಬಂದು ಬಾಗಿಲಿಗೆ ಒದೆಯತೊಡಗಿದ. ಕಸ್ತೂರಿ ಪೊಲೀಸರಿಗೆ ಫೋನ್ ಮಾಡಿದಳು.

“ಅವ್ವಾ, ಬಾಗಲಾ ತಗಿ! ಇದು ನನ್ನ ಮನಿ!”

ನೀಲವ್ವ ಎದ್ದಳು. ಮುಗಿಯಿತು, ಮಗನಿಗೆ ತೆರೆದೇ ತೆರೆಯುತ್ತಾಳೆ ಎಂದುಕೊಂಡು ಕಸ್ತೂರಿ ಮಗುವನ್ನು ಅಪ್ಪಿಕೊಂಡಳು. ಮುದುಕಿ ಹೋಗಿ ಮೇಲಿನ ಚಿಲಕವನ್ನೂ ಹಾಕಿದಳು.

“ಕೋರ್ಟು ಬರಬ್ಯಾಡ ಅಂದೈತಿ, ಹೋಗು ಚನ್ನಾ. ನಿಮ್ಮಪ್ಪ ನನ್ನ ಹೊಡದಾಗ ಅವಗ ಹಿಂಗ ಹೇಳೋರು ಯಾರೂ ಇದ್ದಿಲ್ಲ. ನಾ ಸುಮ್ಮನಿದ್ದೆ. ಅದನ್ನ ನೋಡೇ ನೀ ಕಲ್ತಿ.”

ಹೊರಗೆ ಸದ್ದು ನಿಂತಿತು. ಪೊಲೀಸರು ಬಂದಾಗ ಅವನು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ; ಅವರು ಕರೆದೊಯ್ದರು. ಮದುವೆ ಕೆಲವು ವರ್ಷಗಳಲ್ಲಿ ಮುರಿದುಬಿತ್ತು. ಅತ್ತೆ ಸೊಸೆ ಮಾತ್ರ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡು ಉಳಿದರು. ನೀಲವ್ವ ಕೊನೆಯುಸಿರೆಳೆದದ್ದು ಕಸ್ತೂರಿಯ ತೊಡೆಯ ಮೇಲೆ.

ಯಾವ ಗೋಡೆಯೂ ಮೊಳಗದ ಆ ಕಾಲದಲ್ಲಿ, ಕೋರ್ಟಿನ ಒಂದು ಮಾತನ್ನು ನಂಬಿ, ಏಟು ತಿಂದ ಮನೆಯಲ್ಲೇ ಕಸ್ತೂರಿ ನಿಂತು ಬದುಕಿದಳಲ್ಲ!

ಒಂದು ಕೋರಿಕೆ, ಮಗಳೇ. ಅಂಥ ಆದೇಶ ಬೇಕೆಂದು ಈಗ ಯಾರೂ ಕೇಳುತ್ತಿಲ್ಲ, ಕಾನೂನಿನಿಂದ ತೆಗೆದುಬಿಡೋಣ ಎನ್ನುವವರು ಕಾನೂನು ಮಾಡುವ ನಮ್ಮ ಸಭೆಯಲ್ಲಿದ್ದಾರೆ. ನಿನ್ನ ಕಾಲದಲ್ಲೂ ಇದ್ದಾರು. ಒಪ್ಪಬೇಡ. ನೂರು ವರ್ಷಕ್ಕೆ ಒಬ್ಬಳೇ ಬಂದು ಕೇಳಿದರೂ ಅವಳಿಗೆ ಅದು ಸಿಗಬೇಕು.

ನಿನ್ನ ಮುತ್ತಜ್ಜಿ,
ಇಂಚರಾ