ಕಣ್ಣಿನ ಹಳದಿ

೧೪ ಮಾರ್ಚ್, ಸಂಜೆ

ರೀ,

ಬೇರೆ ಏನೆಂದು ಕರೆಯುವುದೋ ಹೊಳೆಯಲಿಲ್ಲ. ಬೇರೆ ಮನೆ ಮಾಡಿ ವರ್ಷಗಳಾದರೂ ನಾಲಿಗೆಗೆ ರೂಢಿಯಿರುವುದು ಇದೊಂದೇ.

ನಿಮ್ಮ ಪ್ರದರ್ಶನದ ಆಹ್ವಾನ ತಲುಪಿತು. ಉದ್ಘಾಟನೆಯ ದಿನ ‘ಕೂತವಳು’ ಚಿತ್ರದ ಪಕ್ಕ ನಾನು ಬಂದು ನಿಲ್ಲಬೇಕು, ಪತ್ರಿಕೆಯವರು ಫೋಟೊ ತೆಗೆಯುತ್ತಾರೆ ಎಂದು ಬರೆದಿದ್ದೀರಿ. ಬರುವುದಿಲ್ಲ. ಏಕೆಂದು ಹೇಳುವುದಕ್ಕೇ ಈ ಕಾಗದ.

ನಾನು ಚಿತ್ರ ಬರೆಯಲು ಕಲಿಯುತ್ತಿದ್ದೇನೆ. “ನಿಂಗೊಂದು ಗೆರೆ ಎಳೆಯೋಕೆ ಬರಲ್ಲ, ಸುಮ್ನೆ ಕೂತ್ಕೋ, ಅದೇ ದೊಡ್ಡ ಉಪಕಾರ” ಎನ್ನುತ್ತಿದ್ದಿರಿ. ಕೂತೆ. ಈಗ ಶಾಲೆಯ ಆಫೀಸಿನ ಕೆಲಸ ಮುಗಿಸಿ, ಟೈರ್ ಅಂಗಡಿಯ ಮಹಡಿಯಲ್ಲಿ ನಡೆಯುವ ತರಗತಿಗೆ ಹೋಗುತ್ತೇನೆ. ರಬ್ಬರು, ಟರ್ಪೆಂಟೈನು ಎರಡರ ವಾಸನೆಯೂ ಬೆರೆತು ತಲೆ ಸುತ್ತುತ್ತದೆ. ಯಾವುದಾದರೂ ಒಂದು ಚಿತ್ರ ಹಿಡಿದು ಅದನ್ನೇ ಮತ್ತೆ ಬರೆಯಿರಿ, ಬರೆದವರ ಕಣ್ಣು ನಿಮಗೆ ಬರುತ್ತದೆ ಎಂದರು ಟೀಚರಮ್ಮ. ನನ್ನ ಬಳಿ ಉಳಿದಿದ್ದ ‘ಕೂತವಳು’ ಚಿತ್ರದ ದೊಡ್ಡ ಅಚ್ಚಿನ ಪ್ರತಿ ಒಯ್ದೆ. ಅದು ನಾನೇ ಎಂದು ಅವರಿಗೆ ಹೇಳಲಿಲ್ಲ.

ಕಂಡದ್ದನ್ನಲ್ಲ, ಅನಿಸಿದ್ದನ್ನು ಬರೆಯುತ್ತೇನೆ ಎನ್ನುವುದು ನಿಮ್ಮ ಮಾತು. ಅನಿಸಿದ ನೀಲಿ ಕುತ್ತಿಗೆ ನನ್ನ ಕೈಗೂ ಬಂತು. ಮುರಿದ ಕೊಂಬೆಯಂಥ ಕೆಂಪು ತೋಳುಗಳೂ ಬಂದವು. ಕಣ್ಣು ಮಾತ್ರ ಬರಲೊಲ್ಲದು. ನಿಂಬೆ ಹಳದಿ ಬಳಿದರೆ ಗೊಂಬೆಯ ಕಣ್ಣಾಯಿತು. ಒರೆಸಿ ಮತ್ತೆ ಬಳಿದೆ. ಟೀಚರಮ್ಮ ಕನ್ನಡಕ ಹಣೆಗೇರಿಸಿ ಅಚ್ಚಿನ ಪ್ರತಿಗೆ ಮೂಗು ತಾಗುವಷ್ಟು ಬಗ್ಗಿದರು.

“ಕುತ್ತಿಗೆ ನೀಲಿ ಇದ್ಯಲ್ಲ, ಅದು ಕಲ್ಪನೆ. ತೋಳೂ ಅಷ್ಟೇ. ಕಣ್ಣು ಮಾತ್ರ ಕಲ್ಪನೆ ಅಲ್ಲಮ್ಮ, ನೋಡ್ಕೊಂಡು ಬರೆದಿರೋದು. ಗುಡ್ಡೆಗೆ ಮಾಸಲು ಹಳದಿ, ಮೂಲೆಗೆ ಹೋದ ಹಾಗೆ ಗಾಢ. ಪಾಪ, ಕೂತಿದ್ದೋರಿಗೆ ಕಾಮಾಲೆ ಇದ್ದಿರ್ಬೇಕು.”

ಕೈ ತೊಳೆಯುವ ನೆಪ ಮಾಡಿ ನಲ್ಲಿಯ ಹತ್ತಿರ ಹೋಗಿ ನಿಂತೆ.

ಆ ಚಿತ್ರ ಬರೆದ ವಾರ ನಿಮಗೆ ನೆನಪಿದೆಯೋ ಇಲ್ಲವೋ. ನಾನು ಐದು ತಿಂಗಳ ಬಸುರಿ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಕೂತಲ್ಲೇ ರೆಪ್ಪೆ ಮುಚ್ಚಿಹೋಗುತ್ತಿತ್ತು. “ಅಲ್ಲಾಡ್ಬೇಡ, ಮುಖ ಈಗ ಚೆನ್ನಾಗಿ ಬರ್ತಿದೆ” ಎಂದಿರಿ. ಕುರ್ಚಿಯಿಂದ ಬಿದ್ದ ಮೇಲೆ ಆಸ್ಪತ್ರೆ. ಕಾಮಾಲೆ ಏರಿದೆ ಎಂದರು. ಹೋಗುವಾಗ ಇಬ್ಬರಾಗಿ ಹೋದೆ, ಬರುವಾಗ ಒಬ್ಬಳೇ ಬಂದೆ. ಸ್ವಲ್ಪ ಮೊದಲೇ ತಂದಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದಾಗ ನೀವು ನನ್ನ ಕೈ ಹಿಡಿದು ಅತ್ತಿರಿ. “ನಂಗೆ ಗೊತ್ತೇ ಆಗ್ಲಿಲ್ಲ ಕಣೇ.”

ನಂಬಿದೆ. ಬಣ್ಣದ ಮತ್ತಿನಲ್ಲಿ ಮೈಮರೆಯುವ ಮನುಷ್ಯ, ಎದುರಿಗಿದ್ದವಳು ಕಾಣಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇರೆಯಾದಾಗಲೂ ನಿಮ್ಮ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಕಾಣದವನನ್ನು ದೂರಿ ಏನು ಬಂತು?

ನಿಮಗೆ ಕಂಡಿತ್ತು. ಮೂಲೆಯ ಗಾಢ ಹಳದಿಯವರೆಗೆ ಕಂಡಿತ್ತು. ಬಣ್ಣ ಬೆರೆಸಿ, ಕೆರೆದು, ಮತ್ತೆ ಬೆರೆಸಿ ಅದನ್ನು ಸರಿಯಾಗಿ ಹಿಡಿದಿದ್ದೀರಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನಗೆ ಆಗ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು, ನೀವೊಬ್ಬರನ್ನು ಬಿಟ್ಟು.

ನನ್ನ ಚಿತ್ರ ಮುಗಿದಿದೆ. ಕೊನೆಗೂ ಆ ಹಳದಿ ಕುಂಚಕ್ಕೆ ಸಿಕ್ಕಾಗ ನನಗೂ ಒಂದು ಗಳಿಗೆ ಖುಷಿಯಾಯಿತು, ನಿಜ ಹೇಳುತ್ತೇನೆ. ಆ ಖುಷಿ ಎಂಥದೆಂದು ತಿಳಿದ ಮೇಲೆ ನಿಮ್ಮನ್ನು ಕ್ಷಮಿಸುವುದು ಇನ್ನೂ ಕಷ್ಟವಾಗಿದೆ.

ಇಂತಿ,
ಹಿಂದೊಮ್ಮೆ ನಿಮ್ಮವಳು

ಇನ್ನೊಂದು ಮಾತು: ನಿಮ್ಮ ಅಮ್ಮ ನಿಮ್ಮ ತಂಗಿಯ ಮನೆಯಲ್ಲಿದ್ದಾರೆ ಎಂದು ನೀವು ತಿಳಿದಿದ್ದೀರಿ. ಹೋದ ತಿಂಗಳಿನಿಂದ ಅತ್ತೆ ನನ್ನ ಜೊತೆ ಇದ್ದಾರೆ. ಕಣ್ಣಿನ ವಿಷಯ ಹೇಳಿದಾಗ ಆ ಅಚ್ಚಿನ ಪ್ರತಿ ತರಿಸಿಕೊಂಡು ನೋಡಿದರು. ಆಮೇಲೆ ಹೇಳಿದರು: “ನಾನೇ ಅವನಿಗೆ ಅಂದಿದ್ದೆ ಕಣಮ್ಮ, ಹುಡುಗಿ ಕಣ್ಣು ಹಳದಿ ಆಗಿದೆ, ಡಾಕ್ಟರ ಹತ್ರ ಕರ್ಕೊಂಡ್ ಹೋಗು ಅಂತ. ಚಿತ್ರ ಮುಗೀಲಿ ಅಂದ.” ಉದ್ಘಾಟನೆಗೆ ಅವರು ಬರುತ್ತಾರಂತೆ. ನಾನು ಬೇಡ ಎನ್ನಲಿಲ್ಲ.