ಯಾವ ಹೆಸರು ಬರೆಯಲಿ?

ಕಾಪು, 9 ಜನವರಿ 1989
ಬೆಳಿಗ್ಗೆ ಪಾಸ್‌ಪೋರ್ಟ್ ಫೋಟೊ ತೆಗೆದೆ. ನನ್ನ ಸ್ಟುಡಿಯೊದಲ್ಲಿ ಫೋಟೊ ತೊಳೆಯುವ ಡೆವಲಪರ್ ಮುಗಿದಿದೆ, ಉಡುಪಿಯಿಂದ ತರಬೇಕು.
ಮಧ್ಯಾಹ್ನ ಕುಂಞಿ ಮೊಹಮ್ಮದ್ ಬಂದ. ರಜೆಯಲ್ಲ — ದುಬೈಯಿಂದ ಕಳಿಸಿಬಿಟ್ಟಿದ್ದಾರೆ. ವೀಸಾಕ್ಕೆ ರಕ್ತಪರೀಕ್ಷೆ ಮಾಡಿದರಂತೆ. ಏಡ್ಸ್. ಮನೆಯಲ್ಲಿ ಕೆಲಸ ಹೋಯಿತು ಎಂದಷ್ಟೇ ಹೇಳಿದ್ದಾನೆ. ನನಗಾದರೆ ಅವನು ಹೇಳಲೇಬೇಕಿತ್ತು. ಎಷ್ಟೋ ವರ್ಷಗಳಿಂದ ಅವನ ಒಂದೊಂದು ರಜೆಯೂ ನನ್ನೊಟ್ಟಿಗೇ ಕಳೆದದ್ದು. ಹೋದ ನವೆಂಬರಿನದ್ದೂ.
"ಹೆರಾಲ್ಡ್, ನೀನೂ ರಕ್ತ ತೋರಿಸು ಮಾರಾಯ" ಎಂದ. ಹತ್ತಿರ ಕೂರಲಿಲ್ಲ.

12 ಜನವರಿ
ಡೆವಲಪರ್ ನೆಪದಲ್ಲಿ ಉಡುಪಿಗೆ ಹೋದೆ. ಒಂದು ಲ್ಯಾಬು. ಕೌಂಟರಿನವನ ದೊಡ್ಡ ಸ್ವರ: "ಏಡ್ಸ್ ಟೆಸ್ಟಾ? ಯಾರಿಗೆ? ನೀವು ಕಾಪುವಿನ ಬರ್ತಾಬಾಯಿಯ ಮಗ ಅಲ್ವಾ?"
ಬೆಂಚಿನವರೆಲ್ಲ ತಿರುಗಿದರು. ಒಬ್ಬಳು ಮಗುವನ್ನು ಹತ್ತಿರ ಎಳೆದುಕೊಂಡಳು.
"ಅಲ್ಲ... ಶುಗರ್" ಎಂದೆ.
ಶುಗರಿಗೆ ರಕ್ತ ಕೊಟ್ಟು ಬಂದೆ. ಡೆವಲಪರ್ ಮರೆತೇ ಹೋಯಿತು.

15 ಜನವರಿ
ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಾಗ ಅಮ್ಮ: "ಪುತಾ, ಕಾರ್ಕಳದವರು ಒಪ್ಪಿದ್ದಾರೆ. ಈಸ್ಟರ್ ಕಳೆದು ಮದುವೆ ಮಾಡುವ."
ಹುಡುಗಿ ತೆರೆಸಾ. ಪಾಪದವಳು. ನನ್ನ ರಕ್ತದಲ್ಲಿ ಏನುಂಟೋ... ಈ ರೋಗ ಇದ್ದವರನ್ನು ಪೊಲೀಸರು ಹಿಡಿದು ಕೂಡಿಹಾಕುತ್ತಾರಂತೆ. ಹಿಡಿದರೆ ಯಾರೊಟ್ಟಿಗೆ ಮಲಗಿದ್ದೆ ಅಂತಲೂ ಕೇಳುತ್ತಾರೆ.

2 ಫೆಬ್ರವರಿ
ಮಣಿಪಾಲದ ಆಸ್ಪತ್ರೆ. ಡಾಕ್ಟರ್ ಗ್ಲ್ಯಾಡಿಸ್ ಎಂಬವರು. ಬಾಗಿಲು ತಾವೇ ಮುಚ್ಚಿದರು.
"ಹೆಂಗಸರೊಟ್ಟಿಗಾ, ಗಂಡಸರೊಟ್ಟಿಗಾ?"
ಕೆಮ್ಮು ಯಾವಾಗಿನಿಂದ ಎಂದು ಕೇಳಿದ ಹಾಗೆ ಕೇಳಿದರು. "ಗಂಡಸು. ಒಬ್ಬನೇ" ಎಂದೆ. ಇನ್ನೊಬ್ಬರ ಎದುರು ಇದನ್ನು ಹೇಳಿದ್ದು ಇದೇ ಮೊದಲು. ಅವರ ಮುಖ ಬದಲಾಗಲಿಲ್ಲ.
"ಯಾವ ಹೆಸರು ಬರೆಯಲಿ?"
"ನನ್ನದು—"
"ನಿಮ್ಮದೇ ಆಗಬೇಕೆಂದಿಲ್ಲ."
ಬಾಯಿಗೆ ಬಂದ ಹೆಸರು ಸ್ಟ್ಯಾನಿಸ್ಲಾಸ್ ಎಂದೆ. ರಕ್ತ ತೆಗೆಯಲು ನರ ಸಿಗಲಿಲ್ಲ. "ಅವಸರ ಇಲ್ಲ" ಎಂದರು.

16 ಫೆಬ್ರವರಿ
ರಿಪೋರ್ಟ್ ಬಂತು. ನನಗೆ ಇಲ್ಲ. ಆದರೆ ಈಗಲೇ ಕಾಣದೆ ಇರಲೂಬಹುದು, ಮೇ ತಿಂಗಳಲ್ಲಿ ಇನ್ನೊಮ್ಮೆ ನೋಡಬೇಕಂತೆ. ಖುಷಿಯಾಗಬೇಕಿತ್ತು. ಕುಂಞಿಗೆ ಹೇಗೆ ಹೇಳುವುದು?
"ಅವನಿಗೆ ಮದ್ದು ಉಂಟಾ ಡಾಕ್ಟರೇ?"
"ಈ ರೋಗಕ್ಕೆ ಇಲ್ಲ. ಜ್ವರಕ್ಕೆ, ಕೆಮ್ಮಿಗೆ ಉಂಟು. ಅವರನ್ನು ಕರಕೊಂಡು ಬನ್ನಿ."
ಮನೆಗೆ ಬಂದವನೇ ಅಮ್ಮನಿಗೆ ಹೇಳಿದೆ — ಕಾರ್ಕಳದ ಸಂಬಂಧ ಬೇಡ. ಕಾರಣ ಹೇಳಲಿಲ್ಲ. ಅಮ್ಮ ಮಾತು ಬಿಟ್ಟಿದ್ದಾರೆ.

6 ಮಾರ್ಚ್
ಕುಂಞಿ ಮಣಿಪಾಲಕ್ಕೆ ಬರಲು ಒಪ್ಪುವುದಿಲ್ಲ. ಅವನಿಗೆ ತಾಯಿಯದೇ ಹೆದರಿಕೆ. "ಉಮ್ಮನಿಗೆ ಗೊತ್ತಾದರೆ?"
"ನಿಜ ಹೆಸರೂ ಕೇಳುವುದಿಲ್ಲ ಅಲ್ಲಿ."
"ನಿನ್ನದು ಕೇಳಲಿಲ್ಲ. ನಿನಗೆ ಎಂತದೂ ಇಲ್ಲ ಅಲ್ವಾ?"


29 ಮಾರ್ಚ್, ಮಣಿಪಾಲ
ಜ್ವರ ಬಿಡದೆ ಕುಂಞಿ ಕೊನೆಗೂ ಬಂದ. ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಈಗ ಒಳಗಿದ್ದಾನೆ, ನಾನು ಹೊರಗೆ ಬೆಂಚಿನಲ್ಲಿ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಆಗಲೇ ಗೇಟಿನಲ್ಲಿ ಪೊಲೀಸ್ ಜೀಪು. ನಮ್ಮನ್ನು ಹಿಡಿಯಲೇ ಬಂದರೆಂದು ಎದ್ದು ನಿಂತೆ — ಅಲ್ಲ, ಯಾವುದೋ ಆಕ್ಸಿಡೆಂಟ್ ಕೇಸು.
ಒಳಗಿನಿಂದ ಅವನ ಸ್ವರ. ಅಳುತ್ತಿದ್ದಾನೆ. ದುಬೈಯಿಂದ ಬಂದಾಗಿನಿಂದ ಒಮ್ಮೆಯೂ ಅತ್ತಿರಲಿಲ್ಲ.
ಬಾಗಿಲು ತೆರೆಯಿತು. ಡಾಕ್ಟರು. "ನೀವೂ ಒಳಗೆ ಬನ್ನಿ. ಅವರು ನಿಮ್ಮನ್ನೇ ಕೇಳುತ್ತಿದ್ದಾರೆ." ಬರೆಯುವುದು ಇಲ್ಲಿಗೆ ಸಾಕು, ಹೋಗುತ್ತೇನೆ.