ಚೀಲದಲ್ಲಿದ್ದ ಕೈ

ನವೆಂಬರ್ ೯, ಭಾನುವಾರ

ಪುಟ್ಟೀ,

ನಿನ್ನ ಎರಡು ಕಾಗದಗಳು ಬಂದು ತಿಂಗಳಾಯಿತು. ಅಕ್ಕ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ, ಗೊತ್ತು. ಕಾಲೇಜಿನಲ್ಲಿ ಪರೀಕ್ಷೆ, ಮನೆಯಲ್ಲಿ ನಿನ್ನ ಭಾವನ ಮಂಡಿನೋವು. ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದೇ ತಡ, ಅಡುಗೆಮನೆಗೆ ಬರುವುದನ್ನೂ ಬಿಟ್ಟಿದ್ದಾರೆ. ಅಲ್ಲಿ ಮೆಟ್ಟಿಲೇ ಇಲ್ಲವಲ್ಲ ಎಂದರೆ ಕಿವಿಗೆ ಬೀಳುವುದಿಲ್ಲ. ನಿನ್ನ ಕೆಮ್ಮು ಕಡಿಮೆಯಾಯಿತೇ?

ಹೋದ ಮಂಗಳವಾರ ನಡೆದದ್ದನ್ನು ನಿನಗೆ ಹೇಳದೆ ಇರಲಾರೆ. ಪಾಠದ ನಡುವೆ ಇನ್ಸ್‌ಪೆಕ್ಟರ್ ಒಬ್ಬರು ಬಂದು ಬಾಗಿಲಲ್ಲಿ ನಿಂತರು. ಕಾಲುವೆಯ ಸೇತುವೆ ಕೆಳಗೆ ಗೋಣಿಚೀಲವೊಂದು ಸಿಕ್ಕಿದೆಯಂತೆ. ಒಳಗೆ ತಲೆಯಿಲ್ಲದ, ಚರ್ಮ ಸುಲಿದ ದೇಹ. ಆಸ್ಪತ್ರೆಯ ಡಾಕ್ಟರು ರಜೆಯಲ್ಲಿದ್ದಾರೆ, ನೋಡಿದವರೆಲ್ಲ ಮನುಷ್ಯನದೇ ಅನ್ನುತ್ತಿದ್ದಾರೆ, ತಮಗೇಕೋ ಅನುಮಾನ, ಒಮ್ಮೆ ಬನ್ನಿ ಎಂದರು. ನಾನು ದನ ಎಮ್ಮೆಗಳ ಎಲುಬಿನ ಪಾಠ ಮಾಡುವವಳು ಎಂದೆ. ಅದಕ್ಕೇ ಕರೆಯುತ್ತಿರುವುದು ಎಂದರು.

ಶವಾಗಾರದ ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಹೊಲಿಗೆ ಅಂಗಡಿಯಿಂದ ಎದ್ದು ಓಡಿ ಬಂದವಳು, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಅವಳ ಹತ್ತೊಂಬತ್ತು ವರ್ಷದ ಮಗಳು ಯಾವುದೋ ಒಂದು ಮಾತಿಗೆ ಮುನಿದು ಮನೆ ಬಿಟ್ಟು ಎರಡು ತಿಂಗಳಾಗಿತ್ತಂತೆ. ಪೇದೆ ತಡೆಯುವಷ್ಟರಲ್ಲಿ ಒಳಗೆ ನುಗ್ಗಿ ಆ ದೇಹದ ಕೈಯನ್ನು ನೋಡಿಬಿಟ್ಟಿದ್ದಳು.

ನಾನೂ ನೋಡಿದೆ. ಮೂವತ್ತು ವರ್ಷ ಮೂಳೆ ಹಿಡಿದವಳು, ಮೊದಲ ನೋಟಕ್ಕೆ ನಾನೂ ಮೋಸಹೋದೆ ಪುಟ್ಟೀ. ಅಂಗೈ, ಮಣಿಕಟ್ಟು, ಐದು ಬೆರಳು, ಥೇಟ್ ಹೆಣ್ಣುಮಗಳ ಕೈ. ಆಮೇಲೆ ಅಂಗೈ ಮೇಲೆ ಮಾಡಿ ನಿಧಾನಕ್ಕೆ ನೋಡಿದೆ. ಹೆಬ್ಬೆರಳು ಇರಬೇಕಾದ ಕಡೆ ಎಲ್ಲಕ್ಕಿಂತ ಸಣ್ಣ ಬೆರಳು, ಕಿರುಬೆರಳಿನ ಜಾಗದಲ್ಲಿ ದಪ್ಪನೆಯದು. ಪಕ್ಕೆಲುಬು ಎಣಿಸಿದೆ, ಹದಿನಾಲ್ಕು ಜೊತೆ. ನಮಗಿರುವುದು ಹನ್ನೆರಡು. ಕೊರಳ ಬುಡದಿಂದ ಹೆಗಲಿಗೆ ಹೋಗುವ ಅಡ್ಡ ಮೂಳೆಯಂತೂ ಇಲ್ಲವೇ ಇಲ್ಲ. ಕರಡಿ ಅದು. ಚರ್ಮದಾಸೆಗೆ ಯಾರೋ ಕೊಂದು, ಉಗುರಿನ ಸಮೇತ ಸುಲಿದು, ಮಿಕ್ಕದ್ದನ್ನು ಎಸೆದಿದ್ದರು.

ಹೊರಗೆ ಬಂದು ಹೇಳಿದರೆ ಆಕೆ ನಂಬಲಿಲ್ಲ, ಸಿಟ್ಟಾದಳು.

"ಹೆತ್ತ ಮಗಳ ಕೈ ನಂಗೊತ್ತಾಗಲ್ವಾ? ದನದ ಡಾಕ್ಟ್ರು ನೀವು, ನಿಮಗೇನ್ ಗೊತ್ತು?"

ಪಕ್ಕದಲ್ಲಿ ಕೂತೆ. ಆಕೆಯ ಬೆರಳನ್ನು ಹಿಡಿದು ಆಕೆಯದೇ ಕೊರಳ ಕೆಳಗಿನ ಮೂಳೆಯ ಮೇಲಿಟ್ಟೆ. ಇದು ನಿಮಗಿದೆ, ನನಗಿದೆ, ನಿಮ್ಮ ಮಗಳಿಗೂ ಇದೆ, ಅಳತೆ ತೆಗೆಯುವಾಗ ಎಷ್ಟು ಸಲ ಮುಟ್ಟಿದ್ದೀರಿ, ಒಳಗಿರುವುದಕ್ಕೆ ಇದಿಲ್ಲ ಎಂದೆ. ಬೆರಳು ಆ ಮೂಳೆಯುದ್ದಕ್ಕೂ ಹೋಗಿ ಬಂತು. ಆಮೇಲೆ ಅತ್ತಳು. ಜೀವ ತಣ್ಣಗಾಗಿ ಅಳುತ್ತಿದ್ದಾಳೆ ಎಂದುಕೊಂಡೆ. ಹಾಗಿರಲಿಲ್ಲ.

"ಇವತ್ತಿಗೆ ಮುಗೀತು ಅಂದ್ಕೊಂಡಿದ್ದೆ ಮೇಡಂ. ಇನ್ನೂ ಕಾಯ್ಬೇಕಾ?"

"ಕಾಯ್ಬೇಕು" ಎಂದೆ.

ಅಲ್ಲೇ ಕೂತು ವರದಿ ಬರೆದುಕೊಟ್ಟೆ. ಆ ಹುಡುಗಿಯ ಕಡತ ಮುಚ್ಚಲು ಠಾಣೆಯಲ್ಲಿ ತಯಾರಾಗಿದ್ದರಂತೆ. ಈಗ ಅವಳ ಫೋಟೋ ಮತ್ತೆ ಬಸ್ ನಿಲ್ದಾಣಗಳಿಗೆ ಹೋಗಿದೆ. ಶುಕ್ರವಾರ ಆ ತಾಯಿ ಕಾಲೇಜಿಗೆ ಬಂದಿದ್ದಳು. ನನ್ನ ಬಿಳಿ ಕೋಟಿನ ಹರಿದ ಜೇಬು ಕಣ್ಣಿಗೆ ಬಿತ್ತು, ಬಿಚ್ಚಿಸಿಕೊಂಡು ಅಲ್ಲೇ ಹೊಲಿದುಕೊಟ್ಟು ಹೋದಳು. ಮಗಳ ಸುದ್ದಿ ಇನ್ನೂ ಇಲ್ಲ.

ಮಕ್ಕಳಿಗೆ ದೊಡ್ಡಮ್ಮನ ಮುತ್ತು ಕೊಡು. ನೀವೆಲ್ಲ ಆರೋಗ್ಯವಾಗಿ, ನಗುನಗುತ್ತ ನೂರು ಕಾಲ ಬಾಳಿ.

ನಿನ್ನ
ಅಕ್ಕ

ಮರೆತದ್ದನ್ನು ಕೊನೆಗೆ ಸೇರಿಸುತ್ತಿಲ್ಲ, ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ನಮ್ಮ ತಮ್ಮ ಮನೆ ಬಿಟ್ಟ ಮರುವರ್ಷ ದೂರದ ಆಸ್ಪತ್ರೆಯೊಂದರಿಂದ ಹೆಣದ ಗುರುತು ಹಿಡಿಯಲು ಕರೆದಾಗ ಹೋದವಳು ನಾನೊಬ್ಬಳೇ. ಅವನಲ್ಲ ಎಂದು ಬಂದು ಹೇಳಿದೆ. ಆ ಮಾತನ್ನು ನಂಬಿ ಅಮ್ಮ ಸಾಯುವವರೆಗೂ ಕಾದಳು, ನೀನು ಇವತ್ತಿಗೂ ಪ್ರತಿ ಕಾಗದದಲ್ಲೂ ಅವನನ್ನು ಕೇಳುತ್ತೀ. ಪುಟ್ಟೀ, ನಾನು ಆ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬಂದಿದ್ದೆ. ಒಳಗೆ ಹೋಗಲೇ ಇಲ್ಲ.